ಎಡಕ್ಕೆ ವಾಲಿದ ಕಣ್ಣು

ಆ ಮನೆಯಲ್ಲಿ ಗುಂಡಿ ಯಾವ ಬಣ್ಣದ್ದೇ ಇರಲಿ, ಅದನ್ನು ಹೊಲಿದ ದಾರ ಮಾತ್ರ ಹಳದಿ. ಮಗನ ಖಾಕಿ ಅಂಗಿಗೆ ಹಳದಿ, ಮೊಮ್ಮಗಳ ನೀಲಿ ಸ್ಕರ್ಟಿಗೆ ಹಳದಿ. ದಿಂಬಿನ ಬಾಯಿಗೆ, ಕೊಡೆಯ ಕಡ್ಡಿಗೆ, ಕಿತ್ತುಹೋದ ಚೀಲದ ಹಿಡಿಗೆ, ಎಲ್ಲಕ್ಕೂ ಅದೇ. ಡೇರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಅಜ್ಜಿ ಕೊನೆಯ ದಿನ ಮನೆಗೆ ತಂದದ್ದು ಒಂದು ಗೋಡೆ ಗಡಿಯಾರ, ಎರಡು ಉಂಡೆ ಹಳದಿ ದಾರ. ಗಡಿಯಾರ ಕಂಪನಿ ಕೊಟ್ಟದ್ದು; ಆರು ತಿಂಗಳಿಗೆ ನಿಂತಿತು. ದಾರ ಅವಳೇ ಊಟದ ಡಬ್ಬಿಯಲ್ಲಿ ಅಡಗಿಸಿಕೊಂಡು ತಂದದ್ದು, ಇನ್ನೂ ಮುಗಿದಿರಲಿಲ್ಲ.

"ಅಜ್ಜಿ, ಸ್ಕೂಲಲ್ಲಿ ನನ್ನ ಗುಂಡಿ ನೋಡಿ ನಗ್ತಾರೆ," ಎಂದು ಗಿಣಿ ಗೊಣಗುತ್ತಿದ್ದಳು. ಹನ್ನೆರಡು ವರ್ಷದ ಈ ಮೊಮ್ಮಗಳಿಗೆ ಆ ಹೆಸರು ಬಂದದ್ದು ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ಚಾಳಿಯಿಂದ.

"ನಗೋರ ಗುಂಡಿ ಕಿತ್ತು ಬೀಳುತ್ತೆ. ನಿಂದು ಬೀಳಲ್ಲ. ನಗಲಿ ಬಿಡು."

ಡೇರೆಯ ಅಂಚಿನಲ್ಲಿ ಹಗ್ಗ ತೂರಿಸುವ ತೂತಿಗೆ ಕಾರ್ಖಾನೆಯಲ್ಲಿ 'ಕಣ್ಣು' ಎನ್ನುತ್ತಾರೆ. ಮಿಕ್ಕ ಹೊಲಿಗೆಯೆಲ್ಲ ಯಂತ್ರದ್ದು, ಕಣ್ಣು ಮಾತ್ರ ಕೈಯದ್ದು. ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡು, ದಬ್ಬಣ ಒತ್ತಿ, ತೂತಿನ ಸುತ್ತ ದಾರ ಎಳೆದೆಳೆದು ಬಿಗಿಯಬೇಕು. ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಬಣ್ಣ. ಸಂಜೆ ಚೆಕಿಂಗ್‌ನವರು ಬಣ್ಣ ನೋಡಿ ಕಣ್ಣು ಎಣಿಸುತ್ತಾರೆ. ದಿನಕ್ಕೆ ಇಪ್ಪತ್ತಾದರೆ ಹಾಜರಿ. ಆಗದಿದ್ದರೆ, ಬೆಳಗಿನಿಂದ ಕಣ್ಣೆದುರೇ ಕೂತಿದ್ದವಳೂ ಬಂದಿಲ್ಲವೆಂದೇ ಲೆಕ್ಕ. ಮೂರು ದಿನ ಹಾಗಾದರೆ ಹೆಸರು ಹೊಡೆದುಹಾಕುತ್ತಾರೆ. ಮನುಷ್ಯರ ಮುಖ ಬಿಟ್ಟು ದಾರದ ಮುಖ ನೋಡುವ ಈ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮನಿಗೂ ಒಬ್ಬ ತಾಯಿ ಇದ್ದಿರಬೇಕು. ಅವಳಿಗೆ ಒಂದು ದಿನವೂ ಜ್ವರ ಬಂದಿರಲಾರದು.

ಸೊಸೆಯೂ ಅದೇ ಕಾರ್ಖಾನೆಗೆ ಹೋಗುತ್ತಿದ್ದಳು. ಎಂಟು ವರ್ಷ ಯಂತ್ರದ ಮುಂದೆ ಕೂತು, ಹೋದ ವರ್ಷವಷ್ಟೇ ಚೆಕಿಂಗ್‌ಗೆ ಬಡ್ತಿ ಪಡೆದು, ಎದೆಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡಿದ್ದಳು. ಚುರುಕು ಹೆಂಗಸು. ಅವಳ ಚುರುಕೇ ಮನೆಗೆ ಬೆಂಕಿ ಹಚ್ಚಿತು.

ಒಂದು ಸಂಜೆ ಹಸಿರು ದಾರದ ಕಣ್ಣುಗಳನ್ನು ಎಣಿಸುವಾಗ, ಅರ್ಧದಷ್ಟು ಹೊಲಿಗೆ ಎಡಕ್ಕೆ ವಾಲಿರುವುದನ್ನು ಅವಳು ಕಂಡಳು. ಬಲಗೈಯವರ ಹೊಲಿಗೆ ಬಲಕ್ಕೆ ವಾಲುತ್ತದೆ. ಆ ವಿಭಾಗದ ಇಪ್ಪತ್ತೆರಡು ಹೆಂಗಸರಲ್ಲಿ ಎಡಗೈಯಲ್ಲಿ ಹೊಲಿಯುವವಳು ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ಎಡಚಕ್ಕ. ಅವಳ ಬಣ್ಣ ನೀಲಿ. ನೀಲಿಯವಳು ಹಸಿರಿನಲ್ಲಿ ಹೊಲಿದದ್ದು ಯಾಕೆ? ಸೊಸೆ ವರದಿ ಕೊಟ್ಟಳು. ಹಸಿರಿನವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಎಡಚಕ್ಕನನ್ನು ಮರುದಿನವೇ ಮನೆಗೆ ಕಳಿಸಿದರು. ಮೂರು ವಾರ ಬಿಟ್ಟು ಸೋಮವಾರ ವಿಚಾರಣೆ. ಅಲ್ಲಿ ಸೊಸೆ ಸಹಿ ಹಾಕಿದರೆ ಕೆಲಸದಿಂದ ವಜಾ. ಎಡಚಕ್ಕನ ನಿವೃತ್ತಿಗೆ ಉಳಿದದ್ದು ಏಳೇ ತಿಂಗಳು. ವಜಾ ಆದವರಿಗೆ ಕಂಪನಿ ಗಡಿಯಾರವನ್ನೂ ಕೊಡುವುದಿಲ್ಲ, ಪಿಂಚಣಿಯನ್ನಂತೂ ಕೊಡುವುದೇ ಇಲ್ಲ.

ಈ ಎಡಚಕ್ಕ ಇಪ್ಪತ್ನಾಲ್ಕು ವರ್ಷ ಅಜ್ಜಿಯ ಪಕ್ಕದ ಮಣೆಯಲ್ಲಿ ಕೂತವಳು. ಇಬ್ಬರ ಊಟದ ಡಬ್ಬಿಗೂ ಮುಚ್ಚಳ ಅದಲುಬದಲಾಗಿ ಎಷ್ಟೋ ವರ್ಷಗಳಾಗಿದ್ದವು.

ಸುದ್ದಿ ತಿಳಿದ ದಿನ ಅಜ್ಜಿ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅವಳನ್ನ ಹಿಡಿದುಕೊಟ್ಟೆಯಾ?"

"ಅತ್ತೆ, ಸುಳ್ಳು ಲೆಕ್ಕ ಅದು. ಒಬ್ಬರು ಹೊಲಿದು ಇನ್ನೊಬ್ಬರ ಹೆಸರಿಗೆ ಹಾಕಿದ್ರೆ ಅದಕ್ಕೆ ಏನಂತಾರೆ?"

"ಅದಕ್ಕೆ ಏನೋ ಅಂತಾರೆ. ನಿನಗೆ ಹೇಳೋ ಹಾಗಿಲ್ಲ."

"ಯಾಕೆ ಹೇಳೋ ಹಾಗಿಲ್ಲ?"

"ನೀನು ಚೆಕಿಂಗ್‌ನವಳು."

"ನಾನು ನಿಮ್ಮ ಸೊಸೆ!"

"ಬಿಲ್ಲೆ ಸಿಕ್ಕಿಸ್ಕೊಂಡೇ ಊಟಕ್ಕೆ ಕೂತಿದೀಯಲ್ಲ, ತಾಯಿ. ಯಾರ ಜೊತೆ ಮಾತಾಡ್ಲಿ ನಾನು?"

ಸೊಸೆ ಎದೆ ಮುಟ್ಟಿ ನೋಡಿಕೊಂಡಳು. ಬಿಲ್ಲೆ ಇತ್ತು. ಬಿಚ್ಚಲು ಮರೆತಿದ್ದಳು. ಮರೆತದ್ದೆಂದು ಒಪ್ಪಿಕೊಳ್ಳುವ ಮನಸ್ಸಾಗದೆ ಹಾಗೆಯೇ ಉಂಡಳು.

ಅಂದಿನಿಂದ ಅತ್ತೆ ಸೊಸೆಯರ ಮಾತು ಗಿಣಿಯ ಮೂಲಕ.

"ಗಿಣಿ, ನಿಮ್ಮಮ್ಮನಿಗೆ ಹೇಳು, ಹಾಲು ಉಕ್ತಾ ಇದೆ."

"ಅಮ್ಮ, ಹಾಲು ಉಕ್ತಾ ಇದೆಯಂತೆ."

"ನಿಮ್ಮಜ್ಜಿಗೆ ಹೇಳು, ಒಲೆ ಪಕ್ಕದಲ್ಲೇ ನಿಂತಿರೋರು ಆರಿಸಬಹುದು ಅಂತ."

ಅಷ್ಟರಲ್ಲಿ ಹಾಲು ಒಲೆಯನ್ನು ತಾನೇ ಆರಿಸಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಬಟ್ಟೆ ತಂದು ಒರೆಸುತ್ತ, "ನಮ್ಮ ಡಿಪೋದಲ್ಲಿ ಮುದಿ ಬಸ್ಸುಗಳೂ ಇಷ್ಟು ಕಿರ್ರ್ ಅನ್ನಲ್ಲಪ್ಪ," ಎಂದ. ಇಬ್ಬರೂ ಅವನನ್ನು ಒಂದೇ ಥರ ನೋಡಿದರು. ಆ ವಾರ ಅವರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ. ಮಾರನೆಯ ದಿನದಿಂದ ಅವನು ಡಿಪೋದಲ್ಲೇ ಚಹಾ ಕುಡಿದು ತಡವಾಗಿ ಬರತೊಡಗಿದ.

ಮೂರನೆಯ ವಾರ ಸೊಸೆ ಒಂದು ಲಕೋಟೆ ತಂದಳು. ಶನಿವಾರ ಕೆರೆ ದಂಡೆಯ ಬಯಲಲ್ಲಿ ಡೇರೆ ವಾಸ, ಭಾನುವಾರ ಪಕ್ಕದ ಮನೋರಂಜನಾ ಪಾರ್ಕು, ನಾಲ್ವರಿಗೆ ಪಾಸು.

"ಎಲ್ಲಿಂದ ಬಂತೇ?" ಎಂದ ಗಂಡ.

"ಕಂಪನಿಯವರು ಚೆಕಿಂಗ್‌ನವರಿಗೆಲ್ಲ ಕೊಟ್ರು ರೀ."

ಅವನ ಮುಖ ಒಮ್ಮೆಗೇ ಒಂಬತ್ತು ವರ್ಷದ ಹುಡುಗನದಾಯಿತು. "ಅಮ್ಮ! ದೊಡ್ಡ ಚಕ್ರ!"

ಆ ಚಕ್ರಕ್ಕೊಂದು ಕಥೆಯಿತ್ತು. ಇಪ್ಪತ್ತೇಳು ವರ್ಷಗಳ ಹಿಂದೆ ಅವನು ವಿಷಮಶೀತ ಜ್ವರದಲ್ಲಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ತಂದೆ ಆಗಲೇ ಇರಲಿಲ್ಲ; ಪಕ್ಕದಲ್ಲಿ ಕೂರಲು ಇದ್ದವಳು ತಾಯಿಯೊಬ್ಬಳೇ. ಕಿಟಕಿಯಲ್ಲಿ ದೂರದ ಪಾರ್ಕಿನ ಚಕ್ರ ಕಾಣುತ್ತಿತ್ತು. ಸಂಜೆಯಾದರೆ ಅದರ ದೀಪಗಳು ತಿರುಗುತ್ತಿದ್ದವು. "ಗಂಜಿ ಕುಡಿ. ಹುಷಾರಾದ್ರೆ ಭಾನುವಾರ ಚಕ್ರ ಹತ್ತಿಸ್ತೀನಿ," ಎಂದು ತಾಯಿ ಮಾತು ಕೊಟ್ಟಿದ್ದಳು. ಅವನು ಗಂಜಿ ಕುಡಿದ, ಹುಷಾರೂ ಆದ. ಭಾನುವಾರಗಳು ಬಂದವು. ಪ್ರತಿ ಭಾನುವಾರವೂ ತಾಯಿ ಬೆಳಿಗ್ಗೆಯೇ ಎಡಚಕ್ಕನ ಮನೆಗೆ ಹೊರಟುಬಿಡುತ್ತಿದ್ದಳು. ಎಡಚಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೋಳು ನೋಯಿಸಿಕೊಂಡಿದ್ದಾಳೆ, ಕಾರ್ಖಾನೆ ಕೆಲಸವನ್ನೇ ಕಷ್ಟಪಟ್ಟು ಮಾಡುತ್ತಿದ್ದಾಳೆ, ಅವಳ ಮನೆಯ ಬಟ್ಟೆ ಒಗೆದುಕೊಡಬೇಕು ಎನ್ನುತ್ತಿದ್ದಳು. ಒಂದು ವರ್ಷ ಹಾಗೇ ಕಳೆಯಿತು. ಹುಡುಗ ಕೇಳುವುದನ್ನು ಬಿಟ್ಟ. ಆದರೆ ಮರೆಯಲಿಲ್ಲ, ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಅವನು ಹೇಳಿದ ಮೊದಲ ದೂರೇ ಅದು.

ಅಜ್ಜಿ ಪಾಸನ್ನು ನೋಡಿದಳು, ಮಗನ ಮುಖ ನೋಡಿದಳು. "ಗಿಣಿ, ನಿಮ್ಮಮ್ಮನಿಗೆ ಹೇಳು, ನಾನೂ ಬರ್ತೀನಿ. ಅವಳಿಗೋಸ್ಕರ ಅಲ್ಲ, ನನ್ನ ಮಗನಿಗೆ ಒಂದು ಮಾತು ಕೊಟ್ಟಿದ್ದೆ."

ಮಗ ಡಿಪೋದ ಗೆಳೆಯನಿಂದ ಹಳೆಯ ವ್ಯಾನು ಕೇಳಿ ತಂದ. ಬೇಯಿಸಿದ ಮೊಟ್ಟೆ, ಬ್ರೆಡ್ಡು, ಆಲೂಗಡ್ಡೆ, ಫ್ಲಾಸ್ಕಿನಲ್ಲಿ ಚಹಾ, ನಾಲ್ಕು ಕಂಬಳಿ. ದಾರಿಯುದ್ದಕ್ಕೂ ಗಿಣಿ ಫಲಕಗಳನ್ನು ಓದುತ್ತಲೇ ಇದ್ದಳು: "ನಿಧಾನವಾಗಿ ಚಲಿಸಿ. ಇಲ್ಲಿ ಮೂತ್ರ ಮಾಡಬಾರದು. ಪಂಕ್ಚರ್. ಪಂಕ್ಚರ್. ಹಲ್ಲಿನ ಡಾಕ್ಟರು."

ಕೆರೆ ದಂಡೆಯ ಬಯಲು ಕಾರ್ಖಾನೆ ಮಾಲೀಕನ ಷಡ್ಡಕನದು; ಡೇರೆಗಳೂ ಕಾರ್ಖಾನೆಯವೇ. ಮುಂದಿನ ಸಾಲಿನಲ್ಲಿ ಹೊಸವು, ಬಣ್ಣಬಣ್ಣದವು. ಹಿಂದೆ ಬೇಲಿಯ ಬಳಿ ದಪ್ಪ ಬಟ್ಟೆಯ ಐದು ಹಳೆಯವು, ತೇಪೆ ಬಿದ್ದಿದ್ದರೂ ಗಟ್ಟಿಯಾಗಿದ್ದವು. ಪಾಸಿನವರಿಗೆ ಹಳೆಯದೇ. ಮಡಿಸಿಟ್ಟ ಡೇರೆಯನ್ನು ಅಲ್ಲಿನ ಆಳು ಅವರ ಮುಂದೆ ಬಿಸಾಡಿ ಹೋದ.

ಮಗ ಗೂಟ ಹೊಡೆದ, ಕಂಬ ನಿಲ್ಲಿಸಿದ. ಡೇರೆ ಮೂರು ಸಲ ಅವನ ತಲೆಯ ಮೇಲೇ ಕೂತಿತು.

"ಬಸ್ಸಿನ ಎಂಜಿನ್ ಇಳಿಸ್ತೀನಿ ಅಂತೀಯ," ಅಜ್ಜಿ ಕುರ್ಚಿಯಿಂದ ಅಪ್ಪಣೆ ಕೊಡುತ್ತಿದ್ದಳು. "ಮೊದಲು ಮೂಲೆ ಎಳಿ. ಆಮೇಲೆ ನಡು. ಆ ಕಡೆ ಅಲ್ಲವೋ, ಈ ಕಡೆ!"

"ನೀನು ಎಷ್ಟು ಸಲ ಟೆಂಟಲ್ಲಿ ಮಲಗಿದೀಯಮ್ಮ?"

"ಒಂದು ಸಲಾನೂ ಇಲ್ಲ."

"ಮತ್ತೆ ಹೇಗೆ ಗೊತ್ತು?"

"ಹೊಲಿದೋಳಿಗೆ ಗೊತ್ತಿರಲ್ವೇನೋ?"

ಎಲ್ಲರೂ ನಕ್ಕರು, ಸೊಸೆಯೂ ನಕ್ಕಳು. ಸಂಜೆ ಬಿಸಿಲು ಕೆರೆಯ ಮೇಲೆ ಮಲಗಿತ್ತು. ಚಕ್ರದ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಅಜ್ಜಿ ಮೊಟ್ಟೆ ಸುಲಿದು, ಅಭ್ಯಾಸ ಬಲದಿಂದ ಮೊದಲನೆಯದನ್ನು ಸೊಸೆಯ ಕಡೆಗೇ ಚಾಚಿದಳು. ಆಗಲೇ ಗಿಣಿ ಲಕೋಟೆಯ ಒಳಗಿದ್ದ ಕಾರ್ಡನ್ನು ಎಳೆದು ಓದಿದಳು.

"'ಗುಣಮಟ್ಟದ ಕಣ್ಣು' ಬಹುಮಾನ. ಹಸಿರು ದಾರದ ವಂಚನೆಯನ್ನು ಪತ್ತೆ ಹಚ್ಚಿದ್ದಕ್ಕಾಗಿ, ಕುಟುಂಬ ಸಮೇತ..."

"ಗಿಣೀ!" ಎಂದಳು ಸೊಸೆ.

ಅಜ್ಜಿಯ ಕೈ ಹಿಂದಕ್ಕೆ ಬಂತು. ಮೊಟ್ಟೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಎಡಚಕ್ಕನ್ನ ಮಾರಿ ಪಿಕ್ನಿಕ್ಕಾ ಇದು?"

"ಅತ್ತೆ, ನಾನು ಕೇಳಿದ್ದಲ್ಲ, ಅವರೇ ಕೊಟ್ಟಿದ್ದು. ನಾನು ಮಾಡಿದ್ದರಲ್ಲಿ ತಪ್ಪೇನಿದೆ, ಅದನ್ನ ಹೇಳಿ. ಮೂರು ವಾರದಿಂದ ಕೇಳ್ತಿದೀನಿ. ಬೈಯೋದು ಬೈತೀರ, ಕಾರಣ ಹೇಳಲ್ಲ!"

"ಹೇಳಲ್ಲ. ಚೆಕಿಂಗ್‌ನವರ ಮುಂದೆ ಬಾಯಿ ಬಿಡಲ್ಲ ಅಂತ ಇಪ್ಪತ್ತೆರಡು ಜನ ಆಣೆ ಮಾಡಿದ್ವಿ. ನಾನು ನಿವೃತ್ತಿ ಆಗಿರೋದು ಕೆಲಸದಿಂದ, ಆಣೆಯಿಂದ ಅಲ್ಲ."

ಕಂಬಳಿ ಎತ್ತಿಕೊಂಡು ಅಜ್ಜಿ ವ್ಯಾನಿನ ಹಿಂದಿನ ಸೀಟಿಗೆ ಹೋಗಿ ಮಲಗಿದಳು. ಮಗ ಎರಡು ಸಲ ಹೋಗಿ ಕರೆದ. "ಬಹುಮಾನದ ಕೆಳಗೆ ನಾನು ಮಲಗಲ್ಲ," ಎಂಬ ಉತ್ತರ ಬಂತು.

ಬೆಳಿಗ್ಗೆ ಮೊದಲು ಎಚ್ಚರವಾದದ್ದು ಸೊಸೆಗೆ. ಬಿಸಿಲು ಡೇರೆಯ ಹೊರಗಿನಿಂದ ಬಿದ್ದು, ತಲೆಯ ಮೇಲಿನ ಅಂಚಿನಲ್ಲಿದ್ದ ಕಣ್ಣುಗಳೆಲ್ಲ ಸಣ್ಣ ದೀಪಗಳಂತೆ ಹೊಳೆಯುತ್ತಿದ್ದವು. ಚೆಕಿಂಗ್‌ನವಳ ಕಣ್ಣಿಗೆ ರಜೆ ಇಲ್ಲ, ಅವಳು ಎಣಿಸತೊಡಗಿದಳು. ಒಂದು, ಎರಡು, ಮೂರು. ದಾರ ಮಾಸಿದ್ದರೂ ಬಣ್ಣ ಗೊತ್ತಾಗುತ್ತಿತ್ತು: ಹಳದಿ. ತಮ್ಮ ಮನೆಯ ಗುಂಡಿಗಳ ಹಳದಿ. ನಾಲ್ಕನೆಯದಕ್ಕೆ ಅವಳು ಎದ್ದು ಕೂತಳು. ಕೈಯಿಟ್ಟು ನೋಡಿದಳು. ಹೊಲಿಗೆ ಎಡಕ್ಕೆ ವಾಲಿತ್ತು.

ಐದನೆಯದೂ ಎಡಕ್ಕೆ. ಆರನೆಯದೂ. ಹೊರಗೆ ಬಂದು ಸುತ್ತ ತಿರುಗಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಎಡಕ್ಕೆ. ಬಾಗಿಲ ಬಳಿ ತಿಂಗಳು ಮತ್ತು ವರ್ಷದ ಕಪ್ಪು ಮುದ್ರೆ ಇತ್ತು. ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು.

"ರೀ, ಇದು ಯಾವ ತಿಂಗಳು ನೋಡಿ."

ಅವನು ಕಣ್ಣುಜ್ಜುತ್ತ ಓದಿದ. "ನಾನು ಆಸ್ಪತ್ರೇಲಿದ್ದ ತಿಂಗಳು. ಯಾಕೆ?"

"ಆಗ ಅತ್ತೆ ಎಲ್ಲಿದ್ರು?"

"ನನ್ನ ಪಕ್ಕದಲ್ಲಿ. ಹತ್ತೊಂಬತ್ತು ದಿನಾನೂ. ಸ್ನಾನಕ್ಕೂ ಮನೆಗೆ ಹೋಗಿರಲಿಲ್ಲ."

ಮೂರು ದಿನ ಇಪ್ಪತ್ತಾಗದಿದ್ದರೆ ಹೆಸರು ಹೊಡೆದುಹಾಕುವ ಕಾರ್ಖಾನೆ. ಹತ್ತೊಂಬತ್ತು ದಿನ ಬಾರದವಳು ಆಮೇಲೆಯೂ ಇಷ್ಟು ವರ್ಷ ಅಲ್ಲೇ ದುಡಿದು ಗಡಿಯಾರ ತಂದಿದ್ದಳು. ಸೊಸೆ ವ್ಯಾನಿನ ಬಾಗಿಲು ತೆರೆದಳು. ಗಿಣಿಯನ್ನು ಕರೆಯಲಿಲ್ಲ.

"ಅತ್ತೆ, ಬನ್ನಿ. ನಿಮ್ಮ ದಾರ ಇದೆ ಅಲ್ಲಿ. ಕೈ ನಿಮ್ಮದಲ್ಲ."

ಅಜ್ಜಿ ಡೇರೆಯ ಅಂಚಿಗೆ ಮುಖ ತಂದು ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಬೆರಳು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೋಯಿತು.

"ಎಲ್ಲಾರೂ ಸೇರಿ ಹೊಲಿದ್ವಿ ಅಂದಿದ್ಲು ಎಡಚಕ್ಕ," ಎಂದಳು. ಆಣೆ ಮರೆತೇ ಹೋಗಿತ್ತು. "ಯಾರಾದ್ರೂ ಕಷ್ಟದಲ್ಲಿದ್ರೆ ಅವರ ದಾರದಲ್ಲಿ ಉಳಿದೋರು ಒಂದೊಂದು ಕಣ್ಣು ಹಾಕೋದು ನಮ್ಮ ರೂಢಿ. 'ದಾರ ಹಿಡಿಯೋದು' ಅಂತಿದ್ವಿ. ಒಬ್ಬೊಬ್ಬರಿಗೆ ಒಂದೇ ಕಣ್ಣು ಜಾಸ್ತಿ, ಭಾರ ಆಗಲ್ಲ. ನಂದೂ ಹಾಗೇ ಹಿಡಿದ್ವಿ ಅಂದಿದ್ಲು. ಇದು ನೋಡಿದ್ರೆ ಪೂರ್ತಿ ಅವಳದೇ."

"ಇದೊಂದು ಟೆಂಟು ಇರಬಹುದು, ಅಮ್ಮ," ಎಂದ ಮಗ.

ಗಿಣಿ ಅಷ್ಟರಲ್ಲಿ ಬೇಲಿಯ ಬಳಿಯ ಉಳಿದ ನಾಲ್ಕು ಹಳೆಯ ಡೇರೆಗಳ ಕಡೆಗೆ ಓಡಿದ್ದಳು. ಒಳಗಿನವರು ಎದ್ದು ಕೂಗಾಡುವುದು ಕೇಳಿಸಿತು. "ಏಯ್, ಯಾರಮ್ಮ ನೀನು? ಮಲಗೋಕೂ ಬಿಡಲ್ವಾ?" ಗಿಣಿ ಅದಕ್ಕೆಲ್ಲ ಕಿವಿಗೊಡದೆ ಅಲ್ಲಿಂದಲೇ ವರದಿ ಒಪ್ಪಿಸಿದಳು: "ಅಜ್ಜೀ, ಇದು ಕೆಂಪು, ಬಲಕ್ಕೆ! ಇದು ಹಳದಿ, ಅದೇ ತಿಂಗಳು, ಎಡಕ್ಕೆ! ಇದು ನೀಲಿ, ಎಡಕ್ಕೆ! ಇದೂ ಹಳದಿ, ಎಡಕ್ಕೆ! ಹಳದಿ ಎಲ್ಲಾ ಎಡಕ್ಕೆ!"

ಅಜ್ಜಿ ನೆಲದ ಮೇಲೆ ಕೂತುಬಿಟ್ಟಳು.

"ತನ್ನದು ಇಪ್ಪತ್ತು, ನನ್ನದು ಇಪ್ಪತ್ತು. ದಿನಕ್ಕೆ ನಲವತ್ತು ಕಣ್ಣು. ಆ ಬಟ್ಟೆಗೆ ಇಪ್ಪತ್ತು ಹಾಕಿದ್ರೇನೇ ಭುಜ ಕಿತ್ತು ಬರುತ್ತೆ." "ಬಚ್ಚಲಲ್ಲಿ ಜಾರಿ ಬಿದ್ದೆ ಅಂದ್ಲಲ್ಲೋ," ಎಂದಳು ಮಗನಿಗೆ. "ಒಂದು ವರ್ಷ ಅವಳ ಬಟ್ಟೆ ಒಗೆದು, ನಾನೇ ಉಪಕಾರ ಮಾಡ್ತಿದೀನಿ ಅಂತ ಬೀಗಿಕೊಂಡು ಓಡಾಡ್ತಿದ್ದೆ. ಒಂದು ದಿನ ಸೀರೆಗೆ ಗಂಜಿ ಸರಿಯಾಗಿ ಹಾಕಿಲ್ಲ ಅಂತ ಅವಳು ಹೆಸರಿಟ್ಟಾಗ, ಬೈದೂ ಬಂದಿದ್ದೆ."

ಇಪ್ಪತ್ತೇಳು ವರ್ಷ ಮಗ ಆ ಭಾನುವಾರಗಳ ದೂರನ್ನು ಯಾರ ಮೇಲೆ ಹೊರಿಸಿಕೊಂಡು ಬಂದಿದ್ದನೋ ಆ ಹೆಂಗಸೇ, ಆಸ್ಪತ್ರೆಯಲ್ಲಿ ಅವನ ಪಕ್ಕದಲ್ಲಿ ಅವನ ತಾಯಿ ಕೂರುವಂತೆ ಮಾಡಿದವಳಾಗಿದ್ದಳು. ಅವನು ಫ್ಲಾಸ್ಕಿನಿಂದ ತಣ್ಣಗಾದ ಚಹಾ ಬಗ್ಗಿಸಿ ತಾಯಿಗೆ ಕೊಟ್ಟ. ಸೊಸೆ ಡಬ್ಬಿ ತೆಗೆದು ನಿನ್ನೆಯ ಮೊಟ್ಟೆಯನ್ನು ಎರಡು ಹೋಳು ಮಾಡಿದಳು. ಒಂದು ಅತ್ತೆಗೆ, ಒಂದು ತನಗೆ.

"ಹಸಿರು ದಾರದವಳಿಗೆ ಏನಾಗಿತ್ತು?" ಎಂದಳು ಅಜ್ಜಿ.

"ಹೆರಿಗೆ ಆಗಿ ತಿಂಗಳು. ಮಗು ಇನ್ನೂ ಆಸ್ಪತ್ರೇಲಿ. ಮಧ್ಯಾಹ್ನ ಹಾಲು ಕುಡಿಸೋಕೆ ಹೋಗ್ತಿದ್ಲು," ಎಂದಳು ಸೊಸೆ. ತಲೆ ಎತ್ತಲಿಲ್ಲ. "ವರದಿಲಿ ಅದನ್ನ ಬರೆಯೋಕೆ ಜಾಗ ಇರಲಿಲ್ಲ ಅತ್ತೆ."

ಪಾರ್ಕಿನಲ್ಲಿ ಗಿಣಿ ಜಾರುವುದರಲ್ಲಿ ಜಾರಿದಳು, ತಿರುಗುವುದರಲ್ಲಿ ತಿರುಗಿದಳು, ನೀರಿಗೆ ಧುಮುಕುವ ದೋಣಿಯಲ್ಲಿ ಅಪ್ಪನನ್ನೂ ನೆನೆಸಿದಳು. ಆಮೇಲೆ ನಾಲ್ವರೂ ದೊಡ್ಡ ಚಕ್ರ ಹತ್ತಿದರು. ಬಹಳ ಹಳೆಯ ಚಕ್ರ. ಮೇಲೇರುವಾಗ ಕೀಲುಗಳು ನರಳುತ್ತಿದ್ದವು. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಗ್ರೀಸ್ ಹಾಕಿ ಆರು ತಿಂಗಳಾಗಿದೆ," ಎಂದ. ಅಜ್ಜಿ ಕಣ್ಣು ಮುಚ್ಚಿ ಕಂಬಿ ಹಿಡಿದಿದ್ದಳು.

"ಅಮ್ಮ, ಕಣ್ಣು ಬಿಡು. ಆಸ್ಪತ್ರೆ ಕಾಣ್ತಿದೆ. ಎರಡನೇ ಮಹಡಿ, ಕೊನೇ ಕಿಟಕಿ."

ಅವಳು ಕಣ್ಣು ಬಿಟ್ಟಳು. ಆ ಕಿಟಕಿ ಅಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿರಲಿಲ್ಲ. ಅದರಾಚೆ ಕಾರ್ಖಾನೆಯ ತಗಡಿನ ಮಾಡು ಬಿಸಿಲಿಗೆ ಮಿಂಚುತ್ತಿತ್ತು. ಇಡೀ ಬದುಕು ಅವಳು ಆ ಮಾಡಿನ ಕೆಳಗೆ ಕೂತು, ಬೇರೆಯವರು ಹೋಗಿ ಮಲಗುವ ರಜೆಗಳನ್ನು ಹೊಲಿದಿದ್ದಳು.

"ಸಾಕಾ? ಮಾತು ಮುಗೀತಾ?" ಎಂದಳು ಮಗನಿಗೆ.

"ಇನ್ನೊಂದು ಸುತ್ತು," ಎಂದ ಅವನು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಬಂದಿತ್ತು ಅವನಿಗೆ.

ಇಳಿದ ಮೇಲೆ ಅಪ್ಪ ಮಗಳು ಮತ್ತೆ ಸಾಲಿನಲ್ಲಿ ನಿಂತರು. ಅತ್ತೆ ಸೊಸೆ ಮರದ ಕೆಳಗಿನ ಬೆಂಚಿನಲ್ಲಿ ಕೂತರು. ಸೊಸೆ ಬಹಳ ಹೊತ್ತು ತನ್ನ ಎಡಗೈಯನ್ನು ಮಗುಚಿ ಮಗುಚಿ ನೋಡಿಕೊಂಡಳು.

"ಅತ್ತೆ, ಎಡಗೈಲಿ ಕಣ್ಣು ಹಾಕೋದು ಕಷ್ಟಾನಾ?"

ಅಜ್ಜಿ ಅವಳನ್ನು ದಿಟ್ಟಿಸಿದಳು. ಕೈಚೀಲದಿಂದ ದಬ್ಬಣ ತೆಗೆದಳು. ಅದಿಲ್ಲದೆ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ಚೀಲದ ಹಿಡಿಯಲ್ಲೇ ಒಂದು ತೂತು ಹುಡುಕಿದಳು.

"ಕೈ ಕೊಡು. ಹೆಬ್ಬೆರಳು ಹೀಗೆ. ಚುಚ್ಚಿಸ್ಕೊಂಡ್ರೆ ಅಯ್ಯೋ ಅನ್ನಬೇಡ, ಜನ ನೋಡ್ತಾರೆ."

ಸೋಮವಾರ ಸೊಸೆ ಎಂದಿಗಿಂತ ಒಂದು ಗಂಟೆ ಮೊದಲೇ ಹೊರಟಳು. ಕಣ್ಣಿನ ವಿಭಾಗದಲ್ಲಿ ಖಾಲಿ ಬಿದ್ದಿದ್ದ ಎಡಚಕ್ಕನ ಮಣೆಯ ಮೇಲೆ ಕೂತು, ದಬ್ಬಣವನ್ನು ಎಡಗೈಗೆ ತೆಗೆದುಕೊಂಡಳು. ಹೆಂಗಸರು ಬಂದವರು ಬಂದಂತೆ ನಿಂತು ನೋಡಿದರು. ಚೆಕಿಂಗ್‌ನವಳು ಹೊಲಿಯುವುದೇ ವಿಚಿತ್ರ. ಎಡಗೈಯಲ್ಲಿ ಹೊಲಿಯುವುದು ಇನ್ನೂ ವಿಚಿತ್ರ. ಹಸಿರು ದಾರದವಳು ಮೊದಲು ಕೈ ಬದಲಾಯಿಸಿದಳು. ಆಮೇಲೆ ಕೆಂಪು, ಆಮೇಲೆ ಬಿಳಿ. ಒಬ್ಬಳು ಕಿಸಕ್ಕೆಂದು ನಕ್ಕಳು. ಹನ್ನೊಂದು ಗಂಟೆಗೆ ವಿಚಾರಣೆಯ ಮೇಜಿನ ಮೇಲೆ ಮ್ಯಾನೇಜರ್ ಹಸಿರು ದಾರದ ಆ ಹಳೆಯ ಬಟ್ಟೆ ತುಂಡನ್ನು ಇಟ್ಟಾಗ, ಸೊಸೆ ಅದರ ಪಕ್ಕದಲ್ಲಿ ಒಂದು ರಾಶಿ ಬಟ್ಟೆ ಸುರಿದಳು.

"ಇವತ್ತು ಬೆಳಗಿನ ಕೆಲಸ ಸಾರ್. ಎಲ್ಲಾ ಎಡಕ್ಕೇ ವಾಲಿದೆ. ಇದರಲ್ಲಿ ಎಡಚಕ್ಕಂದು ಯಾವುದು ಹೇಳಿ."

ಅವನು ಒಂದೊಂದನ್ನೇ ಎತ್ತಿ ನೋಡಿದ. "ಅವಳು ಮೂರು ವಾರದಿಂದ ಕೆಲಸಕ್ಕೇ ಬಂದಿಲ್ಲವಲ್ಲ!"

"ಹೌದು ಸಾರ್. ಹಾಗಾದ್ರೆ ವಾಲಿದ ಮಾತ್ರಕ್ಕೆ ಅವರದೇ ಅಂತ ನಾನು ಹೇಗೆ ಸಹಿ ಹಾಕ್ಲಿ?"

ಆ ಸಂಜೆ ಅವಳು ಮನೆಗೆ ಬಂದಾಗ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದಳು. ಸೊಸೆ ಕೈ ತೊಳೆದು ಎದುರಿಗೆ ಕೂತಳು. ಎದೆಯ ಮೇಲೆ ಬಿಲ್ಲೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಎರಡು ಸಣ್ಣ ತೂತುಗಳಿದ್ದವು.

"ಕಿತ್ಕೊಂಡ್ರಾ?"

"ಕಿತ್ಕೊಂಡ್ರು. ಇವತ್ತಿಂದಲೇ ಕಣ್ಣಿನ ವಿಭಾಗ."

"ಎಡಚಕ್ಕ?"

"ನಾಳೆಯಿಂದ ಬರಬೇಕಂತೆ. ಏಳು ತಿಂಗಳೂ ಕಣ್ಣಿಟ್ಟಿರ್ತೀವಿ ಅಂದ್ರು."

"ಇಡಲಿ. ಕೈ ತೋರಿಸು."

ಸೊಸೆ ಎಡಗೈ ಚಾಚಿದಳು. ಹೆಬ್ಬೆರಳ ತುದಿ ಊದಿಕೊಂಡು, ಚುಚ್ಚಿದ ಗುರುತುಗಳು ಕೆಂಪಗಾಗಿದ್ದವು. ಅಜ್ಜಿ ತನ್ನ ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು ಕಣ್ಣು ಹಾಕಿದೆ?"

"ಹದಿನಾಲ್ಕು."

"ಹದಿನಾಲ್ಕಕ್ಕೆ ಹಾಜರಿ ಸಿಗಲ್ಲವಲ್ಲೇ."

"ಉಳಿದ ಆರು ಅವರೇ ಹಾಕಿದ್ರು, ಅತ್ತೆ. ನಾನು ಕೇಳಿರಲಿಲ್ಲ."

ಅಜ್ಜಿ ಆಲೂಗಡ್ಡೆಯ ಬುಟ್ಟಿ ಪಕ್ಕಕ್ಕಿಟ್ಟು ಎದ್ದಳು. "ಯಾವ ಬಣ್ಣ ಕೊಟ್ಟಿದಾರೆ ನಿನಗೆ?"

"ಇವತ್ತು ಸಿಕ್ಕಿದ್ದು ಬೂದಿ ಬಣ್ಣ. ನಾಳೆಯಿಂದ ಬೇರೆ ಆರಿಸ್ಕೋ ಅಂದ್ರು. ನೀವು ಬಿಟ್ಟ ಮೇಲೆ ಹಳದಿ ಖಾಲಿ ಇದೆಯಂತೆ."

ಗಿಣಿ ಬಾಗಿಲಲ್ಲಿ ನಿಂತಿದ್ದಳು. ಅಭ್ಯಾಸವಾಗಿ, ಯಾರ ಮಾತನ್ನು ಯಾರಿಗೆ ದಾಟಿಸಬೇಕೆಂದು ಕಾಯುತ್ತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ಅಜ್ಜಿ ತಗಡಿನ ಡಬ್ಬಿಯ ಮುಚ್ಚಳ ತೆಗೆದು, ತಳದಲ್ಲಿ ಉಳಿದಿದ್ದ ಕೊನೆಯ ಉಂಡೆಯನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಎಳೆಯೋವಾಗ ಸ್ವಲ್ಪ ಬಲಕ್ಕೆ ವಾಲಿಸು. ಇಲ್ಲಾಂದ್ರೆ ಎಡಚಕ್ಕ ತನ್ನದೇ ಹೊಲಿಗೆ ಅಂತ ತಿಳ್ಕೋತಾಳೆ."